ಬಂದೂಕು ಕಂಡುಹಿಡಿದ ವೈದ್ಯ

ವೈದ್ಯನಿಗೂ ಬಂದೂಕಿಗೂ ಏನು ನಂಟು? ವೈದ್ಯನು ಪ್ರಾಣವನ್ನು ಉಳಿಸತಕ್ಕವನು. ಬಂದೂಕು ಪ್ರಾಣವನ್ನು ತೆಗೆಯತಕ್ಕದ್ದು. ಆದರೂ ನಿಮಿಷಕ್ಕೆ ಸುಮಾರು 200 ಗುಂಡುಗಳನ್ನು ಕಾರುವ ಯಂತ್ರವನ್ನು ನಿರ್ಮಿಸಿದವನು ವೈದ್ಯಶಾಸ್ತ್ರದ ಪದವೀಧರನು. ಅದೂ ಸಾವುನೋವುಗಳನ್ನು ತಗ್ಗಿಸಬೇಕೆಂಬ ಹಂಬಲದಿಂದ ಎಂದರೆ ವಾಚಕರಿಗೆ ಸೋಜಿಗವಾಗದೆ ಇರದು.

ರಿಚರ್ಡ್ ಜೋರ್ಡನ್ ಗ್ಯಾಟ್ಲಿಂಗ್ 1818ರಲ್ಲಿ ಅಮೆರಿಕದ ಉತ್ತರ ಕೆರೊಲೈನಾದ ಜಮೀನುದಾರನೊಬ್ಬನ ಮಗನಾಗಿ ಹುಟ್ಟಿದನು. ತಾರುಣ್ಯದಲ್ಲಿಯೇ ಹಡಗನ್ನು ನೂಕುವ ತಿರುಗುರೆಕ್ಕೆಯೊಂದನ್ನು ರೂಪಿಸಿದನು. ಆದರೆ ಎರಿಕ್‌ಸನ್ ಎಂಬಾತನು ಅಂಥದೇ ಸಾಧನಕ್ಕೆ ಆಗಲೇ ಹಕ್ಕು ಪಡೆದಿದ್ದನು. ಗ್ಯಾಟ್ಲಿಂಗ್ ಎದೆಗುಂದಲಿಲ್ಲ. ಬತ್ತ ಬಿತ್ತುವ ಯಂತ್ರವನ್ನು ಮಾಡಿ, ಅದನ್ನೇ ತಿದ್ದಿ ಗೋಧಿಯ ಕೂರಿಗೆಯನ್ನಾಗಿಸಿ ಹಣವನ್ನೂ ಹೆಸರನ್ನೂ ಗಳಿಸಿದನು. ಒಂದು ಚಳಿಗಾಲದಲ್ಲಿ ಅವನು ಪ್ರಯಾಣ ಮಾಡುತ್ತಿದ್ದ ಉಗಿದೋಣಿ ನದಿಯ ಹಿಮದಲ್ಲಿ ಸಿಕ್ಕಿಕೊಂಡಿತು. ಸಿಡುಬಿನಿಂದ ನರಳುತ್ತಿದ್ದ ಅವನಿಗೆ ವೈದ್ಯರ ನೆರವೇ ದೊರೆಯಲಿಲ್ಲ. ಬದುಕಿ ಬಂದವನು ವೈದ್ಯಶಾಸ್ತ್ರವನ್ನು ಓದಿ 1850ರಲ್ಲಿ ಪದವಿ ಪಡೆದನು. ಆದರೆ ವೈದ್ಯವೃತ್ತಿಯನ್ನು ಕೈಗೊಳ್ಳಲಿಲ್ಲ.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಯಿತು. ಆಗ ಇಂಡಿಯಾನಾಪೊಲಿಸ್ ನಗರದಲ್ಲಿದ್ದ ಗ್ಯಾಟ್ಲಿಂಗ್ ರಣರಂಗಕ್ಕೆ ಹೊರಡುವ ತರುಣರನ್ನು ಕಂಡನು. ಗಾಯಾಳುಗಳೂ ರೋಗಿಗಳೂ ಶವಗಳೂ ಮರಳುವುದನ್ನೂ ಕಂಡನು. ಆ ಯುದ್ಧದಲ್ಲಿ ಮಡಿದವರಲ್ಲಿ ಸುಮಾರು ಮೂರನೆಯ ಎರಡು ಪಾಲು ಜನ ಸತ್ತದ್ದು ಗುಂಡಿನಿಂದಲ್ಲ, ರೋಗದಿಂದ. ಅವನು ಹೀಗೆ ತರ್ಕಿಸಿದನು: ಒಬ್ಬನೇ ನೂರು ಜನರ ಕೆಲಸ ಮಾಡಬಲ್ಲ ಬಂದೂಕು ಇದ್ದರೆ ದೊಡ್ಡ ಸೈನ್ಯವೇ ಬೇಡ, ಸೈನಿಕರು ಕಡಮೆಯಾದರೆ ಸಾಯುವವರೂ ಕಡಮೆಯಾಗುವರು. 1877ರಲ್ಲಿ ಬರೆದ ಪತ್ರವೊಂದರಲ್ಲಿ ಅವನೇ ಈ ವಿಚಾರವನ್ನು ವಿವರಿಸಿದ್ದಾನೆ.

1862ರ ನವೆಂಬರ್ 4ರಂದು ಅವನ ಬಂದೂಕಿಗೆ ಹಕ್ಕುಪತ್ರ ದೊರೆಯಿತು. ಒಂದು ಅಚ್ಚಿನ ಸುತ್ತ ಆರು ನಳಿಗೆಗಳು. ಹಿಂದೆ, ಕಾಫಿ ಬೀಜ ಪುಡಿಮಾಡುವ ಯಂತ್ರಕ್ಕಿರುವಂಥ ಹಿಡಿ. ಅದನ್ನು ತಿರುಗಿಸಿದಂತೆ ಮೇಲಿನ ಬಟ್ಟಲಿನಿಂದ ತೋಟಾಗಳು ಒಂದೊಂದಾಗಿ ಇಳಿಯುವುವು. ನಳಿಗೆಗಳು ಸರದಿಯಂತೆ ಗುಂಡು ಹಾರಿಸಿ, ಮುಂದಿನ ಸರದಿಯೊಳಗೆ ತುಸು ತಣಿಯುವುವು. ಬೀಜವಿಳಿಯುತ್ತಿದ್ದ ಕೂರಿಗೆಯ ಬಟ್ಟಲು ಇಲ್ಲಿ ನೆನಪಾಗದಿರದು.

ಮೊದಲು ಮಾಡಿದ ಬಂದೂಕುಗಳು ಕಾರ್ಖಾನೆಯ ಬೆಂಕಿಗೆ ಆಹುತಿಯಾದವು. ಸರ್ಕಾರವು 1866ರಲ್ಲಿ ನೂರು ಬಂದೂಕುಗಳನ್ನು ಕೊಳ್ಳುವ ವೇಳೆಗೆ ಯುದ್ಧವೇ ಮುಗಿದಿತ್ತು. ಆದರೆ ಯಂತ್ರ ನಿಲ್ಲಲಿಲ್ಲ. ಹಾರ್ಟ್‌ಫರ್ಡ್‌ನ ಕೋಲ್ಟ್ ಕಾರ್ಖಾನೆಯಲ್ಲಿ ತಯಾರಾಗಿ ದೇಶದೇಶಗಳಿಗೆ ಹೋಯಿತು. 1879ರಲ್ಲಿ ಆಫ್ರಿಕದ ಉಲುಂಡಿಯಲ್ಲಿ, ಹೆಚ್ಚಾಗಿ ಈಟಿ ಗುರಾಣಿಗಳನ್ನೇ ನೆಚ್ಚಿದ್ದ ಜುಲು ಯೋಧರ ಮೇಲೆ ಬ್ರಿಟಿಷರು ಅದನ್ನು ಪ್ರಯೋಗಿಸಿದರು.

ಗ್ಯಾಟ್ಲಿಂಗನ ಗಣಿತ ತಪ್ಪಿದ್ದೆಲ್ಲಿ? ಒಬ್ಬನಿಗೆ ನೂರು ಜನರ ಬಲ ಬಂದರೆ ಉಳಿದ ತೊಂಬತ್ತೊಂಬತ್ತು ಮಂದಿ ಮನೆಯಲ್ಲಿ ಉಳಿಯುವರೆಂದು ಅವನು ಎಣಿಸಿದ್ದನು. ಆಳುವವರು ಅವರನ್ನೂ ಕರೆದರು. ಎದುರಾಳಿಯೂ ಅಂಥದೇ ಯಂತ್ರವನ್ನು ಹೂಡಿದನು. 1914ರಲ್ಲಿ ಮೊದಲಾದ ಮಹಾಯುದ್ಧಕ್ಕೆ ಹೊರಟ ಸೈನಿಕರ ಸಂಖ್ಯೆ ಆರು ಕೋಟಿಯನ್ನು ಮೀರಿತು.

ಅದನ್ನು ನೋಡಲು ಗ್ಯಾಟ್ಲಿಂಗ್ ಉಳಿದಿರಲಿಲ್ಲ. 1903ರಲ್ಲಿ, ತನ್ನ 84ನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು. ಕೊನೆಯ ದಿನಗಳಲ್ಲಿ ಆ ಮುದುಕನ ಮನಸ್ಸು ನೆಟ್ಟಿದ್ದುದು ಹೊಸದೊಂದು ಬಂದೂಕಿನ ಮೇಲಲ್ಲ. ಹೊಲ ಉಳುವ ಯಂತ್ರದ ಮೇಲೆ.