ನೆಲದ ಬಿಸಿ: ಕರೆಂಟಿಗಿಂತ ಒಣಗಿಸಲು ಲೇಸು

ಆಳದ ಕೊಳವೆಬಾವಿಯ ನೀರು ಚಳಿಗಾಲದ ಬೆಳಗ್ಗೆ ಬೆಚ್ಚಗಿರುವುದನ್ನು ನಾವೆಲ್ಲ ಬಲ್ಲೆವು. ನೆಲದೊಳಗೆ ಇಳಿದಷ್ಟೂ ಬಿಸಿ ಜಾಸ್ತಿ. ಸಾಧಾರಣ ಜಾಗಗಳಲ್ಲಿ ಒಂದು ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಏರುತ್ತದೆ. ಜ್ವಾಲಾಮುಖಿ ಪ್ರದೇಶಗಳಲ್ಲಿ ಈ ಬಿಸಿ ಮೇಲಕ್ಕೇ ಬಂದಿರುತ್ತದೆ. ಅಲ್ಲಿ ಬಾವಿ ಕೊರೆದು, ಹಬೆಯಿಂದ ಟರ್ಬೈನ್ ತಿರುಗಿಸಿ ವಿದ್ಯುತ್ ಮಾಡುತ್ತಾರೆ.

1904ರಲ್ಲಿ ಇಟಲಿಯ ಲಾರ್ಡೆರೆಲ್ಲೋದಲ್ಲಿ ಹೀಗೆ ಐದು ಬಲ್ಬು ಉರಿಸಿದ್ದು ಮೊದಲು. ಕೆನ್ಯಾದ ನೈವಾಷಾ ಸರೋವರದ ಬಳಿ ಓಲ್ಕಾರಿಯಾದಲ್ಲಿ 1981ರಿಂದ ವಿದ್ಯುತ್ ತಯಾರಾಗುತ್ತಿದೆ. ಇಂದು ಆ ದೇಶದ ವಿದ್ಯುತ್ತಿನಲ್ಲಿ ಶೇಕಡಾ 40ಕ್ಕೂ ಮಿಕ್ಕಿ ಭೂಶಾಖದ್ದು.

ಆದರೆ ಕೃಷಿಕನಾದ ನನಗೆ ಹೆಚ್ಚು ಹಿಡಿಸಿದ್ದು ಅದೇ ಸರೋವರದ ಇನ್ನೊಂದು ಬದಿಯ ಎಬುರು ಗುಡ್ಡ. ಅಲ್ಲಿನ ರೈತರು ನೆಲದ ಹಬೆಯಿಂದ ಪೈರೆಥ್ರಮ್ ಹೂ ಒಣಗಿಸುತ್ತಾ ಬಂದಿದ್ದಾರೆ. ಹಬೆಯನ್ನು ಪೈಪಿನಲ್ಲಿ ತಣಿಸಿ ಮನೆ ಬಳಕೆಗೆ ನೀರೂ ಮಾಡಿಕೊಳ್ಳುತ್ತಾರೆ. ಟರ್ಬೈನೂ ಬೇಡ, ಸೌದೆಯೂ ಬೇಡ.

ನಮ್ಮ ದೇಶದಲ್ಲೂ ಪ್ರಯೋಗ ಆಗಿದೆ. ಹಿಮಾಚಲದ ಮಣಿಕರಣದ ಬಿಸಿನೀರಿನ ಕುಂಡದಲ್ಲಿ ಅಕ್ಕಿ ಗಂಟು ಇಳಿಸಿ ಅನ್ನ ಬೇಯಿಸುತ್ತಾರೆ. ಅಲ್ಲಿ ಬೆಂಗಳೂರಿನ ಎನ್.ಎ.ಎಲ್. ರೂಪಿಸಿದ 5 ಕಿಲೋವ್ಯಾಟ್‌ನ ವಿದ್ಯುತ್ ಘಟಕವನ್ನು ಓಡಿಸಿ ನೋಡಿದ್ದರು. ಅಲ್ಲೇ 7.5 ಟನ್ ಸಾಮರ್ಥ್ಯದ ಪ್ರಾಯೋಗಿಕ ಶೀತಲಗೃಹವೂ ಇತ್ತು. ಬಿಸಿನೀರಿನಿಂದ ತಂಪು ಹೇಗೆ? ಹಿಂದಿನ ಸೀಮೆಎಣ್ಣೆ ಫ್ರಿಜ್ಜಿನ ಹಾಗೆ, ಶಾಖದಿಂದ ಅಮೋನಿಯಾ ಎಬ್ಬಿಸಿ. ಲಡಾಖಿನ ಪೂಗಾದಲ್ಲಿ ಅಣಬೆ ಬೆಳೆಗೆ, ಕೋಳಿಗೂಡು ಬೆಚ್ಚಗಿಡಲಿಕ್ಕೆ ಬಿಸಿನೀರು ಬಳಸಿ ನೋಡಿದ್ದುಂಟು.

ಲೆಕ್ಕ ಸರಳ. ನೂರು ಡಿಗ್ರಿ ಆಸುಪಾಸಿನ ನೀರಿನಿಂದ ವಿದ್ಯುತ್ ತೆಗೆದರೆ ಹತ್ತು ಪಾಲಿನಲ್ಲಿ ಒಂದು ಪಾಲು ಶಾಖ ಕರೆಂಟಾಗುವುದೂ ಕಷ್ಟ. ಅದೇ ನೀರಿನ ಬಿಸಿಯಿಂದ ಗಾಳಿ ಕಾಯಿಸಿ ಫಸಲು ಒಣಗಿಸಿದರೆ ಬಹುಪಾಲು ಕೆಲಸಕ್ಕೆ ಬಂತು. ಒಂದು ಎಚ್ಚರಿಕೆ: ಇಂಥ ನೀರಿನಲ್ಲಿ ಬೋರಾನ್, ಆರ್ಸೆನಿಕ್, ಫ್ಲೋರೈಡ್ ಇರಬಹುದು. ಅದನ್ನು ಪೈಪಿನೊಳಗೇ ಹಾಯಿಸಿ ಶಾಖ ಮಾತ್ರ ತೆಗೆಯಬೇಕು, ಗಿಡಕ್ಕೆ ಬಿಡಬಾರದು.

ನಮ್ಮಲ್ಲಿ ಸಾಧ್ಯವೋ? ಪುತ್ತೂರು ತಾಲೂಕಿನ ಇರ್ದೆಯ ಬೆಂದ್ರ್‌ತೀರ್ಥ ಬಿಸಿನೀರಿಗೇ ಹೆಸರಾದದ್ದು. ತುಳುವಿನಲ್ಲಿ ಬೆಂದ್ರ್ ಅಂದರೆ ಬಿಸಿನೀರು. ಆದರೆ ಆ ಬಿಸಿ ಮೀಯಲು ಸಾಕು, ಕೊಬ್ಬರಿ ಒಣಗಿಸಲು ಸಾಲದು. ಅದಕ್ಕೆ 60 ಡಿಗ್ರಿಯಷ್ಟು ಬೇಕು. ಅಷ್ಟನ್ನು ನಮ್ಮ ಬಿಸಿಲೂ, ಮಳೆಗಾಲದಲ್ಲಿ ತೆಂಗಿನ ಗೆರಟೆಯ ಬೆಂಕಿಯೂ ಕೊಡುತ್ತವೆ. ಕರೆಂಟ್ ಹೀಟರಿನ ಡ್ರೈಯರಿಗೆ ದುಡ್ಡು ಹಾಕುವ ಮೊದಲು ಈ ಲೆಕ್ಕ ಒಮ್ಮೆ ಹಾಕಿ ನೋಡಿ.