ಸಾವಿರದಲ್ಲೊಬ್ಬ ರೋಗಿ ಕಲಿಸದ ಪಾಠ

ಅಮೆರಿಕದ ವೈದ್ಯ ಕೆರ್ ವೈಟ್ ಮತ್ತು ಅವರ ಸಂಗಡಿಗರು 1961ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ನಿಯತಕಾಲಿಕದಲ್ಲಿ ಒಂದು ಲೆಕ್ಕವನ್ನು ಪ್ರಕಟಿಸಿದರು. ಸಾವಿರ ವಯಸ್ಕರನ್ನು ಒಂದು ತಿಂಗಳು ಗಮನಿಸಿದರೆ ಸುಮಾರು 750 ಮಂದಿಗೆ ಏನಾದರೊಂದು ಅನಾರೋಗ್ಯ ಕಾಣಿಸಿಕೊಳ್ಳುತ್ತದೆ. ವೈದ್ಯರ ಬಳಿಗೆ ಹೋಗುವವರು 250 ಮಂದಿ. ಆಸ್ಪತ್ರೆಗೆ ದಾಖಲಾಗುವವರು ಒಂಬತ್ತು ಮಂದಿ. ವಿಶ್ವವಿದ್ಯಾಲಯದ ಬೋಧನಾ ಆಸ್ಪತ್ರೆಯನ್ನು ತಲುಪುವವನು ಒಬ್ಬನೇ ಒಬ್ಬ!

ವೈದ್ಯಕೀಯ ವಿದ್ಯಾರ್ಥಿಯ ಕಲಿಕೆಯೆಲ್ಲ ನಡೆಯುವುದು ಬಹುಪಾಲು ಆ ಒಬ್ಬನ ಹಾಸಿಗೆಯ ಪಕ್ಕದಲ್ಲಿ. ಉಳಿದ 249 ಮಂದಿಯ ತಲೆನೋವು, ಕೆಮ್ಮು, ಸುಸ್ತು, ಸೊಂಟನೋವುಗಳನ್ನು ಅವನು ಎಲ್ಲಿ ಕಲಿಯಬೇಕು? ಅಮೆರಿಕ, ಕೆನಡಾ, ಬ್ರಿಟನ್ ಮೊದಲಾದ ದೇಶಗಳಲ್ಲಿ ವಿದ್ಯಾರ್ಥಿಗಳನ್ನು ಕೆಲವು ವಾರಗಳ ಕಾಲ ಕುಟುಂಬ ವೈದ್ಯರ ಚಿಕಿತ್ಸಾಲಯಗಳಿಗೆ ಕಳುಹಿಸುವುದರ ಹಿಂದಿರುವುದು ಇದೇ ಪ್ರಶ್ನೆ. ನಮ್ಮ ಎಂಬಿಬಿಎಸ್‌ನಲ್ಲಿ ಕುಟುಂಬ ವೈದ್ಯಶಾಸ್ತ್ರವು ಪ್ರತ್ಯೇಕ ಪರೀಕ್ಷಾ ವಿಷಯವಲ್ಲ. ಸಮುದಾಯ ವೈದ್ಯಶಾಸ್ತ್ರ ವಿಭಾಗ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರದ ಪೋಸ್ಟಿಂಗುಗಳೇ ಅದಕ್ಕೆ ಹತ್ತಿರದ ತರಬೇತಿ.

ಇಂಥ ಪೋಸ್ಟಿಂಗಿಗೆ ಹೊರಟ ವಿದ್ಯಾರ್ಥಿಯು ಸಾಮಾನ್ಯವಾಗಿ ಮೊದಲು ಕೇಳುವುದು, ‘ಯಾವ ಪುಸ್ತಕ ಓದಬೇಕು?’ ಎಂದು. ಆಸ್ಟ್ರೇಲಿಯಾದ ಜಾನ್ ಮುರ್ಟಾ ಅವರ ‘ಜನರಲ್ ಪ್ರಾಕ್ಟೀಸ್’ ಈ ಕ್ಷೇತ್ರದ ಪ್ರಸಿದ್ಧ ಗ್ರಂಥ. ಸಾವಿರ ಪುಟಗಳನ್ನು ಮೀರಿದ್ದು. ಕೆಲವೇ ವಾರಗಳಲ್ಲಿ ಅದನ್ನು ಮುಗಿಸುವ ಹಠ ಬೇಡ. ಆದರೆ ಅದರಲ್ಲಿರುವ ಐದು ಪ್ರಶ್ನೆಗಳನ್ನು ಮಾತ್ರ ಕಂಠಸ್ಥ ಮಾಡಿಕೊಳ್ಳುವುದು ಒಳಿತು.

ಮೂವತ್ತರ ಮಹಿಳೆಯೊಬ್ಬರು ತಲೆನೋವೆಂದು ಬಂದಿದ್ದಾರೆನ್ನಿ. ವಾರ್ಡಿನಲ್ಲಿ ಮೆದುಳಿನ ಗಡ್ಡೆಯನ್ನು ಕಂಡು ಬಂದ ವಿದ್ಯಾರ್ಥಿಯ ಮನಸ್ಸು ನೇರವಾಗಿ ಸ್ಕ್ಯಾನಿಂಗಿನತ್ತ ಓಡುತ್ತದೆ. ಮುರ್ಟಾ ಕೇಳಿಸುವ ಮೊದಲ ಪ್ರಶ್ನೆಯೇ ಬೇರೆ: ಇಲ್ಲಿ ಅತ್ಯಂತ ಸಂಭವನೀಯವಾದುದು ಯಾವುದು? ಸ್ನಾಯುಬಿಗಿತದ ತಲೆನೋವು ಅಥವಾ ಮೈಗ್ರೇನ್. ಎರಡನೆಯದು, ಯಾವ ಗಂಭೀರ ಕಾಯಿಲೆ ಕೈತಪ್ಪಕೂಡದು? ಸಿಡಿಲೆರಗಿದಂತೆ ಹಠಾತ್ತನೆ ಆರಂಭವಾದ ನೋವಾದರೆ ಮೆದುಳಿನ ಸುತ್ತಲಿನ ರಕ್ತಸ್ರಾವ. ಜ್ವರ, ಕುತ್ತಿಗೆ ಸೆಡೆತಗಳಿದ್ದರೆ ಮೆನಿಂಜೈಟಿಸ್. ಮೂರನೆಯದು, ಸಾಮಾನ್ಯವಾಗಿ ಕಣ್ತಪ್ಪುವಂಥದ್ದು ಯಾವುದು? ನಾಲ್ಕನೆಯದು, ಖಿನ್ನತೆ, ರಕ್ತಹೀನತೆ, ಥೈರಾಯ್ಡ್, ಸೇವಿಸುತ್ತಿರುವ ಔಷಧಗಳಂಥ ‘ವೇಷಧಾರಿ’ಗಳು ಇದರ ಹಿಂದಿವೆಯೇ? ಐದನೆಯದು, ರೋಗಿ ಇನ್ನೇನನ್ನೋ ಹೇಳಲು ಯತ್ನಿಸುತ್ತಿದ್ದಾರೆಯೇ?

ಈ ಐದನೆಯ ಪ್ರಶ್ನೆಗೆ ಪ್ರಯೋಗಾಲಯದಲ್ಲಿ ಉತ್ತರವಿಲ್ಲ. ಗಂಡನ ಕುಡಿತ, ಮಗನ ಪರೀಕ್ಷೆ, ಅತ್ತೆಯ ಕಾಯಿಲೆಗಳು ತಲೆನೋವಿನ ಹೆಸರಿನಲ್ಲಿ ಚಿಕಿತ್ಸಾಲಯಕ್ಕೆ ಬರುವುದುಂಟು. ಹಳೆಯ ಬಡಾವಣೆಗಳ ‘ಮನೆ ಡಾಕ್ಟರು’ ಇದನ್ನು ಪುಸ್ತಕವಿಲ್ಲದೆಯೇ ಬಲ್ಲವರಾಗಿದ್ದರು.

ಪರದೇಶದ ಸಾಮಗ್ರಿಯನ್ನು ಬಳಸುವಾಗ ಒಂದು ಎಚ್ಚರಿಕೆ ಅಗತ್ಯ. ‘ಅಮೆರಿಕನ್ ಫ್ಯಾಮಿಲಿ ಫಿಸಿಷಿಯನ್’ ನಿಯತಕಾಲಿಕದ ಲೇಖನಗಳು ಚೊಕ್ಕವಾಗಿವೆ, ಶಿಫಾರಸುಗಳ ಹಿಂದಿನ ಪುರಾವೆಗಳಿಗೆ ದರ್ಜೆಯನ್ನೂ ನೀಡುತ್ತವೆ, ವಿದ್ಯಾರ್ಥಿಗಳು ಓದಲೇಬೇಕು. ಆದರೆ ಅಲ್ಲಿನ ಪಾಠದ ಪ್ರಕಾರ ವಯಸ್ಕರ ಕೆಮ್ಮು ಎಂಟು ವಾರ ದಾಟಿದರೆ ದೀರ್ಘಕಾಲದ್ದು. ಆಗ ಮೊದಲು ಯೋಚಿಸಬೇಕಾದದ್ದು ಮೂಗಿನ ಸ್ರಾವ, ಆಸ್ತಮಾ, ಆಮ್ಲೀಯತೆ. ನಮ್ಮ ರಾಷ್ಟ್ರೀಯ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮದಲ್ಲಿ ಎರಡು ವಾರ ಮೀರಿದ ಕೆಮ್ಮೇ ಕಫ ಪರೀಕ್ಷೆಗೆ ಸಾಕಷ್ಟು ಕಾರಣ. ಆ ಆರು ವಾರಗಳ ಅಂತರದಲ್ಲಿ ಮನೆಮಂದಿಗೂ ಸೋಂಕು ತಗಲಬಹುದು.

ಬಾಯಿ ಕ್ಯಾನ್ಸರಿನ ವಿಷಯವೂ ಹೀಗೆಯೇ. ಲಕ್ಷಣಗಳಿಲ್ಲದ ವಯಸ್ಕರ ಬಾಯಿ ತಪಾಸಣೆಯ ಪರವಾಗಿ ಸಾಕಷ್ಟು ಪುರಾವೆಯಿಲ್ಲವೆಂದು ಅಮೆರಿಕದ ತಜ್ಞರ ಸಮಿತಿಯು 2013ರಲ್ಲಿ ಹೇಳಿತು. ಆದರೆ ತಿರುವನಂತಪುರದಲ್ಲಿ ನಡೆದು 2005ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವು, ತಂಬಾಕು ಅಥವಾ ಮದ್ಯ ಸೇವಿಸುವವರ ಬಾಯಿಯನ್ನು ಬರಿಗಣ್ಣಿನಿಂದ ಪರೀಕ್ಷಿಸುವುದರಿಂದಲೇ ಸಾವುಗಳು ಕಡಿಮೆಯಾಗುತ್ತವೆಂದು ತೋರಿಸಿತು. ಭಾರತದ ಕಾರ್ಯಕ್ರಮದಲ್ಲಿ ಮೂವತ್ತು ದಾಟಿದವರಿಗೆ ಈ ತಪಾಸಣೆಯಿದೆ. ಎಲೆಯಡಿಕೆ, ಗುಟ್ಕಾಗಳ ನಾಡಿನಲ್ಲಿ ಒಂದು ಟಾರ್ಚು ಎಷ್ಟೋ ಪುಸ್ತಕಗಳಿಗಿಂತ ಮೇಲು.

ಆದ್ದರಿಂದ ಕೋಟಿನ ಜೇಬಿನಲ್ಲಿ ಸ್ವದೇಶಿ ಸಾಮಗ್ರಿಯೂ ಇರಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹೊರತಂದಿರುವ ಪ್ರಮಾಣೀಕೃತ ಚಿಕಿತ್ಸಾ ಕ್ರಮಗಳು ಉಚಿತವಾಗಿ ದೊರೆಯುತ್ತವೆ. ಯಾವ ರೋಗಿಯನ್ನು ಮೇಲಿನ ಆಸ್ಪತ್ರೆಗೆ ಕಳುಹಿಸಬೇಕೆಂಬುದನ್ನೂ ತಿಳಿಸುತ್ತವೆ. 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿರುವುದು 384 ಔಷಧಗಳು. ಔಷಧ ಬರೆಯುವ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಮೇರೆ ಇಲ್ಲ. ಮಕ್ಕಳ ಕಾಯಿಲೆಗಳ ಸಮಗ್ರ ನಿರ್ವಹಣೆಯ ಕೈಪಿಡಿಯಲ್ಲಿ ಕೆಮ್ಮುವ ಮಗುವಿನ ಉಸಿರನ್ನು ಒಂದು ನಿಮಿಷ ಪೂರ್ತಿ ಎಣಿಸಲು ಹೇಳಿದೆ: ಎರಡು ತಿಂಗಳಿನಿಂದ ಒಂದು ವರ್ಷದೊಳಗಿನ ಮಗುವಿಗೆ 50, ಒಂದರಿಂದ ಐದು ವರ್ಷದೊಳಗಿನ ಮಗುವಿಗೆ 40, ಅಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ ನ್ಯುಮೋನಿಯಾದ ಶಂಕೆ. ಇದಕ್ಕೆ ಬೇಕಾದದ್ದು ಸೆಕೆಂಡಿನ ಮುಳ್ಳಿರುವ ಗಡಿಯಾರವಷ್ಟೇ.

ಕುಟುಂಬ ವೈದ್ಯರ ಕೈಯಲ್ಲಿರುವ ಇನ್ನೊಂದು ಸಾಧನ ಕಾಲ. ‘ಮೂರು ದಿನ ಬಿಟ್ಟು ಬನ್ನಿ, ಇಂಥ ಲಕ್ಷಣ ಕಂಡರೆ ಕೂಡಲೇ ಬನ್ನಿ’ ಎಂಬ ಮಾತೂ ಒಂದು ಚಿಕಿತ್ಸೆಯೇ. ಅಲ್ಪಾವಧಿಯ ಪೋಸ್ಟಿಂಗಿನಲ್ಲಿ ವಿದ್ಯಾರ್ಥಿಯು ಕಾಣದೆ ಹೋಗುವುದು ಈ ಎರಡನೆಯ ಭೇಟಿಯನ್ನು. ತಾನು ಕಂಡ ರೋಗಿಗಳ ವಿವರವನ್ನು ಹೆಸರಿಲ್ಲದೆ, ಅಂದಿನ ತನ್ನ ಊಹೆಯ ಸಮೇತ, ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಟ್ಟು, ವಾರದ ಕೊನೆಗೆ ಮೇಲ್ವಿಚಾರಕ ವೈದ್ಯರನ್ನು ‘ಅವರೇನಾದರು?’ ಎಂದು ವಿಚಾರಿಸಿದರೆ ಆ ಕೊರತೆ ತುಸು ನೀಗುತ್ತದೆ.

ರಾಷ್ಟ್ರೀಯ ವೈದ್ಯಕೀಯ ಆಯೋಗವು ಜಾರಿಗೆ ತಂದಿರುವ ಕುಟುಂಬ ದತ್ತು ಕಾರ್ಯಕ್ರಮದಲ್ಲಿ ಈ ಅವಕಾಶ ಇನ್ನೂ ದೊಡ್ಡದು. ವಿದ್ಯಾರ್ಥಿಯು ಮೊದಲ ವರ್ಷದಿಂದಲೇ ಗ್ರಾಮದ ಕೆಲವು ಕುಟುಂಬಗಳನ್ನು ಮತ್ತೆ ಮತ್ತೆ ಭೇಟಿಯಾಗಬೇಕೆಂಬುದು ಅದರ ಉದ್ದೇಶ. ಭೇಟಿಗಳು ನಮೂನೆ ತುಂಬುವುದಕ್ಕೇ ಮುಗಿದರೆ ಆ ಕುಟುಂಬಕ್ಕೂ ವಿದ್ಯಾರ್ಥಿಗೂ ಪ್ರಯೋಜನವಿಲ್ಲ. ಕಳೆದ ಭೇಟಿಯಲ್ಲಿ ರಕ್ತದೊತ್ತಡ ಏರಿದ್ದ ಅಜ್ಜಿ ಮಾತ್ರೆಯನ್ನು ಏಕೆ ನಿಲ್ಲಿಸಿದರು, ಖರ್ಚಿಗಾಗಿಯೋ, ತಲೆಸುತ್ತಿಗಾಗಿಯೋ, ತರಲು ಜನವಿಲ್ಲದೆಯೋ ಎಂಬುದನ್ನು ವಿದ್ಯಾರ್ಥಿಯು ಅವರ ಮನೆಯ ಜಗಲಿಯ ಮೇಲೆ ಕುಳಿತೇ ಕೇಳಬೇಕು.