ಆಟಗಾರರು ಆಚಾರ್ಯರಾದ ಬಗೆ

ಮಕ್ಕಳು ಆಟದಲ್ಲಿ ಆಸಕ್ತರಾದರೆ ವಿದ್ಯೆ ಕೆಟ್ಟೀತೆಂಬ ಭಯವು ನಮ್ಮ ದೇವಸಮುದ್ರದ ಗೃಹಸ್ಥರಲ್ಲಿ ಇನ್ನೂ ಬಲವಾಗಿಯೇ ಇದೆ. ಬಹುಕಾಲ ಪಾಠ ಹೇಳಿದ ನಾವು ಆ ಭಯವನ್ನು ನಿರಾಧಾರವೆಂದು ತಳ್ಳಿಹಾಕಲಾರೆವು. ಮೈದಾನವನ್ನೇ ನಂಬಿ ಎರಡೂ ಕಡೆ ಸಲ್ಲದೆ ಹೋದವರು ಉಂಟು. ಆದರೂ ಬೆಂಗಳೂರಿನ ಶ್ರೀ ರಾಹುಲ್ ದ್ರಾವಿಡರ ವೃತ್ತಾಂತವನ್ನು ವಾಚಕರ ಮುಂದಿಡಬೇಕೆಂದು ನಮಗೆ ತೋರಿದೆ. ಅವರ ಓಟಗಳ ಲೆಕ್ಕಕ್ಕಿಂತಲೂ ಅವರು ಗುರುಸ್ಥಾನದಲ್ಲಿ ನಡೆದುಕೊಂಡ ರೀತಿಯೇ ಇದಕ್ಕೆ ಕಾರಣ.

1973ರಲ್ಲಿ ಇಂದೂರಿನಲ್ಲಿ ಜನಿಸಿದ ಇವರು ಬೆಳೆದದ್ದು ಬೆಂಗಳೂರಿನಲ್ಲಿ. ತಾಯಿಯವರು ವಾಸ್ತುಶಿಲ್ಪಶಾಸ್ತ್ರದ ಪ್ರಾಧ್ಯಾಪಿಕೆ. ಬಾಲ್ಯದಲ್ಲಿ ಕೇಕಿ ತಾರಾಪೂರರು ಇವರಿಗೆ ಕ್ರಿಕೆಟ್ ಆಟವನ್ನು ಕಲಿಸಿದರು. ಸೇಂಟ್ ಜೋಸೆಫ್ ವಾಣಿಜ್ಯ ಕಾಲೇಜಿನಲ್ಲಿ ವ್ಯಾಸಂಗ ನಡೆಯಿತು. 1991ರಲ್ಲಿ ರಣಜಿ ಪಂದ್ಯಕ್ಕೆ ಇಳಿದ ಮೇಲೂ ಪುಸ್ತಕವನ್ನು ಮುಚ್ಚಿಡಲಿಲ್ಲ. 1996ರಲ್ಲಿ ಲಾರ್ಡ್ಸ್ ಮೈದಾನದ ಮೊದಲನೆಯ ಟೆಸ್ಟಿನಲ್ಲಿ ಹೊಡೆದದ್ದು 95 ಓಟ. 2012ರಲ್ಲಿ ನಿವೃತ್ತರಾಗುವಾಗ 164 ಟೆಸ್ಟುಗಳಲ್ಲಿ 13,288 ಓಟಗಳು ಸೇರಿದ್ದವು. ಅದಕ್ಕಾಗಿ ಅವರು ಎದುರಿಸಿದ ಚೆಂಡುಗಳು 31,258. ಅಲ್ಲಿಯವರೆಗೆ ಮತ್ತಾರೂ ಅಷ್ಟನ್ನು ಎದುರಿಸಿರಲಿಲ್ಲ. ಈ ಎರಡನೆಯ ಅಂಕಿಯನ್ನೇ ನಾವು ಹೆಚ್ಚೆಂದು ಎಣಿಸುತ್ತೇವೆ.

ನಮ್ಮ ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನು ಬರೆಸಿದ ಶಾಸನದಲ್ಲಿ, ಅಂತೇವಾಸಿಯು ಆಚಾರ್ಯನನ್ನು ಗೌರವಿಸತಕ್ಕದ್ದೆಂಬ ವಿಧಿಯಿದೆ. ಆಚಾರ್ಯನು ಅಂತೇವಾಸಿಗೆ ಏನು ಸಲ್ಲಿಸಬೇಕೆಂಬುದಕ್ಕೆ ದ್ರಾವಿಡರ ನಡತೆಯೇ ಉತ್ತರ. 2015ರಲ್ಲಿ ಅವರು ಹತ್ತೊಂಬತ್ತರೊಳಗಿನ ಹುಡುಗರ ಹಾಗೂ ಭಾರತ 'ಎ' ತಂಡದ ಶಿಕ್ಷಣವನ್ನು ವಹಿಸಿಕೊಂಡರು. ದೂರದೇಶಕ್ಕೆ ಕರೆದೊಯ್ದು, ಒಂದು ಪಂದ್ಯವನ್ನೂ ಆಡಿಸದೆ ಹಿಂದಕ್ಕೆ ಕಳುಹಿಸುವುದು ಎಳೆಯ ಆಟಗಾರನಿಗೆ ಎಂತಹ ನೋವೆಂಬುದನ್ನು ತಾವೇ ಬಲ್ಲವರಾದುದರಿಂದ, ತಮ್ಮೊಡನೆ 'ಎ' ತಂಡದಲ್ಲಿ ಬಂದವನು ಆಡದೆ ಮರಳಕೂಡದೆಂದು ಮೊದಲೇ ತಿಳಿಸಿಬಿಡುತ್ತಿದ್ದರು. ಹಿಂದಿನ ಬೆಂಚಿನ ಹುಡುಗನನ್ನು ವರ್ಷವೆಲ್ಲ ಒಂದು ಪ್ರಶ್ನೆಯನ್ನೂ ಕೇಳದೆ ಕಳೆಯುವ ಉಪಾಧ್ಯಾಯರು ಇದನ್ನು ಎರಡು ಸಲ ಓದಬೇಕು.

2017ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟನ್ನು ಕೊಡಮಾಡಿತು. ಕ್ರೀಡಾವಿಷಯದಲ್ಲಿ ಸಂಶೋಧನೆ ನಡೆಸಿ ಪದವಿಯನ್ನು ಸಂಪಾದಿಸಿಕೊಳ್ಳುವುದೇ ತಮಗೆ ಇಷ್ಟವೆಂದು ಹೇಳಿ ಅವರು ಅದನ್ನು ಒಲ್ಲೆನೆಂದರು. ಬಿರುದಾವಳಿಗಾಗಿ ಹಾತೊರೆಯುವ ಈ ಕಾಲದಲ್ಲಿ ಇದು ಅಪರೂಪದ ಮಾತು.

2018ರಲ್ಲಿ ಹುಡುಗರು ವಿಶ್ವಕಪ್ಪನ್ನು ಗೆದ್ದಾಗ, ಮಂಡಲಿಯು ದ್ರಾವಿಡರಿಗೆ 50 ಲಕ್ಷ ರೂಪಾಯಿಗಳನ್ನೂ ಸಹಾಯಕರಿಗೆ ತಲಾ 20 ಲಕ್ಷವನ್ನೂ ಸಾರಿತು. ದುಡಿಮೆಯೆಲ್ಲ ಒಂದೇ ಆಗಿರಲು ಈ ಭೇದವೇಕೆಂದು ಅವರು ಪ್ರಶ್ನಿಸಿದರು. ಕಡೆಗೆ ಎಲ್ಲರಿಗೂ 25 ಲಕ್ಷವಾಯಿತು.

2021ರಲ್ಲಿ ಭಾರತ ತಂಡದ ಮುಖ್ಯ ಶಿಕ್ಷಕರಾದರು. 2023ರ ನವೆಂಬರ್ 19ರಂದು ಅಹಮದಾಬಾದಿನ ವಿಶ್ವಕಪ್ ಅಂತಿಮ ಪಂದ್ಯದಲ್ಲಿ ಆಸ್ಟ್ರೇಲಿಯಕ್ಕೆ ಸೋಲಬೇಕಾಯಿತು. ವೆಸ್ಟ್ ಇಂಡೀಸ್ ದ್ವೀಪಗಳಲ್ಲಿಯಂತೂ ಅವರಿಗೆ ಹಳೆಯ ಕಹಿಯೊಂದಿತ್ತು: 2007ರ ವಿಶ್ವಕಪ್ಪಿನಲ್ಲಿ ಅವರೇ ನಾಯಕರಾಗಿದ್ದ ತಂಡವು ಮೊದಲ ಹಂತದಲ್ಲಿಯೇ ಹೊರಬಿದ್ದಿತ್ತು. ಅದೇ ದ್ವೀಪಗಳಲ್ಲಿ, ಬಾರ್ಬಡೋಸಿನಲ್ಲಿ, 2024ರ ಜೂನ್ 29ರಂದು ಅವರ ಶಿಷ್ಯರು ದಕ್ಷಿಣ ಆಫ್ರಿಕವನ್ನು 7 ಓಟಗಳಿಂದ ಸೋಲಿಸಿ ಇಪ್ಪತ್ತು ಓವರುಗಳ ವಿಶ್ವಕಪ್ಪನ್ನು ತಂದರು. ಸಂಯಮಕ್ಕೆ ಹೆಸರಾದ ಗುರುವು ಕಪ್ಪನ್ನು ಕೈಗೆ ಪಡೆದು ಗಟ್ಟಿಯಾಗಿ ಕೂಗಿದುದನ್ನು ಲೋಕವೆಲ್ಲ ಕಂಡಿತು. ಬಹುಮಾನ ಹಂಚುವಾಗ ತಮಗೆ ಸಲ್ಲುವ 5 ಕೋಟಿಯನ್ನು ಬಿಟ್ಟು, ಇತರ ಶಿಕ್ಷಕರಿಗೆ ಕೊಟ್ಟಷ್ಟೇ, ಎಂದರೆ ಎರಡೂವರೆ ಕೋಟಿ, ಸಾಕೆಂದರು.